ಕೊಬ್ಬರಿ ಮಾಳಿಗೆಯ ಮೆಟಲ್ ಸಂಗೀತ

ವಾದದಲ್ಲಿ ಯಾವ ಪಕ್ಷ ಸೇರಬೇಕೆಂಬುದನ್ನು ಮನುಷ್ಯ ಬುದ್ಧಿ ಉಪಯೋಗಿಸಿ ನಿರ್ಧರಿಸುತ್ತಾನೆ ಎಂಬ ಮಾತನ್ನು ನಾನು ನಂಬುವುದಿಲ್ಲ. ತನ್ನ ಕೈಲಾಗದ್ದು ಯಾವುದೆಂದು ಮೊದಲು ನೋಡಿಕೊಳ್ಳುತ್ತಾನೆ. ಆಮೇಲೆ ಅದು ಅಷ್ಟೇನೂ ಮುಖ್ಯವಲ್ಲ ಎನ್ನುವವರ ಗುಂಪಿಗೆ ಹೋಗಿ ಕೂರುತ್ತಾನೆ. ಅಕ್ಷರ ಕೋಳಿ ಕೆದರಿದಂತಿರುವವರು ಬರಹದಲ್ಲಿ ವಿಷಯ ಮುಖ್ಯ ಎನ್ನುತ್ತಾರೆ. ಅಡುಗೆ ಬಾರದವರು ಸರಳ ಆಹಾರದ ಮಹಿಮೆ ಹೇಳುತ್ತಾರೆ. ಅರಸೀಕೆರೆಯಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ನಾನು, ಸಂಗೀತದಲ್ಲಿ ಕೈಚಳಕಕ್ಕಿಂತ ಸ್ವಂತಿಕೆಯೇ ದೊಡ್ಡದು ಎಂದು ಊರೆಲ್ಲ ವಾದಿಸಿಕೊಂಡು ತಿರುಗುತ್ತಿದ್ದೆ. ನನ್ನ ಬೆರಳುಗಳನ್ನು ನೋಡಿದವರು ಕಾರಣ ಕೇಳುತ್ತಿರಲಿಲ್ಲ. ಗಿಟಾರಿನ ಆರು ತಂತಿಗಳನ್ನು ಸಂಭಾಳಿಸಲಾಗದೆ ನಾಲ್ಕು ತಂತಿಯ ಬೇಸ್ ಗಿಟಾರಿಗೆ ಇಳಿದವನು ನಾನು. ಎರಡು ತಂತಿಯದು ಎಲ್ಲಾದರೂ ಸಿಗುತ್ತದೆಯೇ ಎಂದು ವಿಚಾರಿಸಿದ್ದೂ ಉಂಟು.

ನಾವು ಬಾರಿಸುತ್ತಿದ್ದದ್ದು ಪ್ರೊಗ್ರೆಸಿವ್ ಮೆಟಲ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ರಾಕ್ ಸಂಗೀತದ ಮನೆಯಲ್ಲಿ ಹುಟ್ಟಿ ಲೆಕ್ಕದ ಟ್ಯೂಷನ್ನಿಗೂ ಹೋಗಿಬಂದ ಮಗು. ಗದ್ದಲ ಅಪ್ಪನದು, ಎಣಿಕೆ ಸ್ವಂತದ್ದು. ಕೇಳುವವರು ತಾಳದ ನಾಲ್ಕರ ಲೆಕ್ಕಕ್ಕೆ ತಲೆಯಾಡಿಸಲು ಶುರುಮಾಡಿದರೆ ಹಾಡು ಏಳಕ್ಕೆ ಹಾರುತ್ತದೆ. ಏಳಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಐದಕ್ಕೆ ಬಂದು ನಿಂತಿರುತ್ತದೆ. ಒಂದು ಹಾಡು ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಬೆಂದು ಒಗ್ಗರಣೆಗೆ ಕಾಯುತ್ತಿರುತ್ತದೆ. ನಮ್ಮ ಕಡೆ ಆಗಿನ್ನೂ ಕ್ಯಾಸೆಟ್ಟಿನ ಕಾಲ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಶಾರದಾ ನಾನು ಹಾಕಿದ್ದ ಹಾಡನ್ನು ಸ್ವಲ್ಪ ಹೊತ್ತು ಕೇಳಿ, "ರೀ, ಟೇಪು ಸಿಕ್ಕಾಕ್ಕೊಂಡಿದೆ ಅನ್ಸುತ್ತೆ" ಎಂದು ಸುತ್ತಲು ಪೆನ್ಸಿಲ್ ತಂದುಕೊಟ್ಟಿದ್ದಳು.

ತಂಡದಲ್ಲಿ ಗಿಟಾರ್ ಹಿಡಿಯುತ್ತಿದ್ದವನು ಚಂದ್ರು. ಕೊಬ್ಬರಿ ವ್ಯಾಪಾರಿಗಳ ಮನೆಯವನು. ಹಗಲೆಲ್ಲ ಅಪ್ಪನ ಮಂಡಿಯಲ್ಲಿ ಕೊಬ್ಬರಿ ತೂಗಿಸಿ, ಸಂಜೆ ಅದೇ ಮಂಡಿಯ ಮಾಳಿಗೆಯಲ್ಲಿ ಗಿಟಾರ್ ಹಿಡಿದು ಕೂತರೆ ಅವನ ಬೆರಳುಗಳು ಕಣ್ಣಿಗೆ ಕಾಣುತ್ತಿರಲಿಲ್ಲ. ಸುತ್ತಲೂ ಅಟ್ಟಿ ಹಾಕಿದ ಕೊಬ್ಬರಿ ಮೂಟೆಗಳು ನಮ್ಮ ಸದ್ದನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತಿದ್ದವು. ಬೀದಿಯವರು ನಮ್ಮನ್ನು ಸಹಿಸಿಕೊಂಡದ್ದಕ್ಕೆ ಆ ಮೂಟೆಗಳೇ ಕಾರಣ. ಚಂದ್ರು ವಿದೇಶಿ ತಂಡವೊಂದರ ಅತಿ ಕಷ್ಟದ ಹಾಡನ್ನು ತಿಂಗಳುಗಟ್ಟಲೆ ತಿದ್ದಿ ತೀಡಿ, ಕ್ಯಾಸೆಟ್ಟಿನಲ್ಲಿರುವುದಕ್ಕೂ ಅವನ ಕೈಯಲ್ಲಿ ಬರುವುದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ಮಾಡಿಕೊಂಡಿದ್ದ. ಡ್ರಮ್ಸ್ ನಾಸಿರನದು. ಮದುವೆ ಆರ್ಕೆಸ್ಟ್ರಾಗಳಲ್ಲಿ ಬಾರಿಸುತ್ತಿದ್ದ ಅವನಿಗೆ ಸಿದ್ಧಾಂತಗಳ ಗೊಡವೆ ಇರಲಿಲ್ಲ.

"ಲೋ ಮಂಜ, ನೆಟ್ಟಗೆ ಬಾರ್ಸಕ್ಕೆ ಬರ್ದೇ ಇರೋರು ಕಂಡುಹಿಡ್ದಿರೋ ಪದ ಕಣೋ ಸ್ವಂತಿಕೆ ಅನ್ನೋದು" ಎಂದು ಚಂದ್ರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ.

"ಇದ್ದದ್ದನ್ನ ಇದ್ದಂಗೆ ತೆಗೆಯೋಕೆ ಜೆರಾಕ್ಸ್ ಮೆಷಿನ್ನಿದೆ ಕಣೋ, ಬಸ್ ಸ್ಟ್ಯಾಂಡ್ ಹತ್ರಾನೇ" ಎನ್ನುತ್ತಿದ್ದೆ ನಾನು.

"ಜೆರಾಕ್ಸಲ್ಲಿ ಅಕ್ಷರನಾದ್ರೂ ಕಾಣ್ತದೆ. ನಿಂದು ಬರೀ ಬಿಳಿ ಹಾಳೆ."

ಬಿಳಿ ಹಾಳೆ ಎಂದದ್ದು ಅನ್ಯಾಯ. ನನ್ನದೂ ಒಂದು ರಚನೆ ಇತ್ತು. ಬಾಣಾವರದ ಸ್ಟೇಷನ್ನಿನಲ್ಲಿ ಒಮ್ಮೆ ನಮ್ಮ ಪ್ಯಾಸೆಂಜರ್ ರೈಲು ಗೂಡ್ಸಿಗೆ ದಾರಿ ಬಿಟ್ಟು ನಿಂತಿದ್ದಾಗ, ಗೂಡ್ಸ್ ಗಾಡಿ ಹಳಿಯ ಸಂದುಗಳ ಮೇಲೆ ಹಾದುಹೋದ ಸದ್ದು ನನ್ನ ತಲೆಯೊಳಗೆ ಕೂತು, ಊರು ಸೇರುವಷ್ಟರಲ್ಲಿ ಏಳರ ಲೆಕ್ಕದ ಒಂದು ಧಾಟಿಯಾಗಿತ್ತು. ಅದಕ್ಕೆ 'ಬಾಣಾವರ ಕ್ರಾಸಿಂಗ್' ಎಂದು ಹೆಸರಿಟ್ಟೆ. ತೊಂದರೆ ಒಂದೇ. ನಾನು ಬಾಯಲ್ಲಿ ರಚಿಸುವವನು. "ಡುಗ್ಗುಡು ಡುಗ್ಗುಡು ಡುಂ" ಎಂದು ಹೇಳಿ ತೋರಿಸಬಲ್ಲೆನೇ ಹೊರತು ಅದನ್ನು ಗಿಟಾರಿನಲ್ಲಿ ನುಡಿಸುವುದು ನನ್ನಿಂದಾಗದ ಕೆಲಸ. ಚಂದ್ರು ಪೂರ್ತಿ ಕೇಳಿ, "ಪಂಪ್‌ಸೆಟ್ ಸ್ಟಾರ್ಟ್ ಆಗ್ತಾ ಇಲ್ವೇನೋ?" ಎಂದು ವಿಚಾರಿಸಿದ್ದ.

ಹೀಗಿರುವಾಗ ಒಂದು ಸಂಜೆ ಚಂದ್ರುವಿನ ತಂದೆಯವರು ಮಾಳಿಗೆ ಹತ್ತಿ ಬಂದರು. "ನೋಡ್ರಪ್ಪಾ, ಈ ಸಲ ಮಾಲು ಜಾಸ್ತಿ ಐತೆ, ಜಾಗ ಸಾಲ್ದು. ನೀವು ಬಂದ್‌ಮ್ಯಾಗೆ ಇಲಿ ಕಾಟ ತಪ್ಪೈತೆ, ಅದು ಉಪಕಾರವೇ. ಆದ್ರೆ ಇಲಿ ಓಡ್ಸಕ್ಕೆ ಬೆಕ್ಕೇ ಸಾಕು. ಅದೇನೋ ಬೇಲೂರಲ್ಲಿ ವಾದ್ಯದ ಪಂದ್ಯ ಮಡಗವ್ರಂತಲ್ಲ, ಗೆದ್ಕೊಂಡ್ ಬಂದ್ರೆ ಇರಿ. ಇಲ್ಲಾಂದ್ರೆ ಖಾಲಿ ಮಾಡ್ಕೊಡಿ." ಅರಸೀಕೆರೆಯಲ್ಲಿ ನಮ್ಮ ಸದ್ದಿಗೆ ಜಾಗ ಕೊಡುವ ಇನ್ನೊಬ್ಬ ಪುಣ್ಯಾತ್ಮ ಇರಲಿಲ್ಲ. ಮಾಳಿಗೆ ಹೋದರೆ ತಂಡವೂ ಹೋದಂತೆಯೇ.

ಬೇಲೂರಿನಲ್ಲಿ ಒಂದೇ ಹಾಡಿಗೆ ಅವಕಾಶ. ವಿದೇಶಿ ಹಾಡೇ ಆಗಬೇಕೆಂದು ಚಂದ್ರು, ಬಾಣಾವರವೇ ಆಗಬೇಕೆಂದು ನಾನು. ಕೊನೆಗೆ ನಾಸಿರನನ್ನು ಕೇಳಿದೆವು. "ಚಂದ್ರಣ್ಣಂದೇ ಆಗ್ಲಿ ಬಿಡಿ ಮಂಜಣ್ಣ. ನಿಮ್ದು ಇನ್ನೂ ನಿಮ್ಮ ಬಾಯಲ್ಲೇ ಐತಲ್ಲ" ಎಂದ. ಸೋತೆ. ಸೋತವನು ಮಾಡಬೇಕಾದಂತೆ ಚಂದ್ರುವಿನ ಜೊತೆ ಮಾತು ಬಿಟ್ಟೆ. ಮಾತು ಬಿಟ್ಟುಕೊಂಡೇ ಪ್ರತಿ ಸಂಜೆ ಅವನ ಪಕ್ಕದಲ್ಲಿ ಕೂತು ಅವನದೇ ಹಾಡು ಅಭ್ಯಾಸ ಮಾಡಿದೆ.

ಸ್ಪರ್ಧೆಯ ದಿನ ಜಾವಗಲ್ ಮೇಲೆ ಹಳೇಬೀಡಿಗೆ ಬಂದಿಳಿದೆವು. ಪುಳಿಯೋಗರೆಯ ಡಬ್ಬಿಯೊಂದಿಗೆ ಶಾರದಾ ಕೂಡ ಹೊರಟಿದ್ದಳು. ಬೇಲೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ಎದುರಿಗೇ ದೇವಸ್ಥಾನ. ಗೋಡೆಯ ಬುಡದಲ್ಲಿ ಉದ್ದಕ್ಕೂ ಸಾಲುಗಟ್ಟಿ ನಿಂತ ಆನೆಗಳನ್ನು ಕಂಡದ್ದೇ ಚಂದ್ರು ಮಾತು ಬಿಟ್ಟದ್ದನ್ನು ಮರೆತುಬಿಟ್ಟ. "ನೋಡ್ಲಾ, ಒಂದಾನೆ ಸೊಂಡ್ಲೂ ಹೆಚ್ಚುಕಮ್ಮಿ ಆಗಿಲ್ಲ. ಕೈ ಪಳಗಿದ್ರೆ ಹಿಂಗೆ!" ಎಂದ. ನಾನೂ ಮರೆತೆ. "ಕಣ್ಬಿಟ್ಟು ನೋಡು. ಒಂದಿದ್ದಂಗೆ ಇನ್ನೊಂದಿಲ್ಲ. ಇದೇ ಕಣೋ ಸ್ವಂತಿಕೆ!" ಎಂದೆ. ದನಿ ಏರಿತು. ಆನೆಯಿಂದ ಆನೆಗೆ ಬೆರಳು ತೋರಿಸುತ್ತ ಗೋಡೆ ಸುತ್ತುತ್ತಿದ್ದ ನಮ್ಮನ್ನು ಗೈಡುಗಳೆಂದು ತಿಳಿದು ಪ್ರವಾಸಿಗಳ ದೊಡ್ಡ ಗುಂಪೊಂದು ಹಿಂಬಾಲಿಸತೊಡಗಿತು. ಹಿರಿಯರೊಬ್ಬರು, "ಹಾಗಾದರೆ ನಿಮ್ಮಿಬ್ಬರಲ್ಲಿ ಯಾರು ಹೇಳಿದ್ದು ಬರೆದುಕೊಳ್ಳಲಿ?" ಎಂದು ಕೇಳುವ ಹೊತ್ತಿಗೆ ಶಾರದಾ ಬಂದಳು. "ನೀವಿಬ್ರೂ ಸೇರಿ ಒಂದಾನೇನೂ ಕೆತ್ತಿಲ್ಲ. ಬಸ್ ಬಂತು, ನಡೀರಿ."

ಬೇಲೂರಿನ ಕಲ್ಯಾಣಮಂಟಪ ತುಂಬಿತ್ತು. ಹೆಚ್ಚಿನ ತಂಡಗಳು ಸಿನಿಮಾ ಹಾಡುಗಳನ್ನು ನುಡಿಸಿದವು. ನಮಗಿಂತ ಮುಂಚೆ ಮೈಸೂರಿನ ಹುಡುಗರದೊಂದು ತಂಡ ವೇದಿಕೆ ಏರಿತು. ಮೊದಲ ಸ್ವರ ಬಿದ್ದದ್ದೇ ಚಂದ್ರು ನನ್ನ ತೋಳು ಹಿಡಿದುಕೊಂಡ. ಅದೇ ಹಾಡು. ನಮ್ಮ ಹಾಡು. ಅಂದರೆ ಆ ವಿದೇಶದವರ ಹಾಡು. ಆ ಹುಡುಗರು ಒಂದು ಸ್ವರವನ್ನೂ ಬಿಡದೆ ಬಾರಿಸಿ ಇಳಿದರು. ಚಂದ್ರುವಿನ ಮುಖ ನೋಡಲಾಗದೆ ನಾನು ಊಟದ ಮನೆಯಲ್ಲಿದ್ದ ಅಡುಗೆಯವರ ಕಡೆ ನೋಡಿದೆ.

"ಈಗ ಅದ್ನೇ ಬಾರ್ಸಿದ್ರೆ ಜೆರಾಕ್ಸಿನ ಜೆರಾಕ್ಸ್ ಆಗ್ತದೆ" ಎಂದ ಚಂದ್ರು. "ನಿನ್ನ ರೈಲೇ ಬಿಡೋಣ ನಡಿ."

ಸ್ವಂತಿಕೆಗಾಗಿ ಇಷ್ಟು ವರ್ಷ ಹೋರಾಡಿದ್ದು ನಿಜ. ಆದರೆ ಅದನ್ನು ನಾಲ್ಕು ಜನರ ಮುಂದೆ ಇಡಬೇಕಾಗಿ ಬರುತ್ತದೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. "ನಿಂಗದು ಬರಲ್ವಲ್ಲೋ" ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ಬತ್ತದೆ. ತಪ್ಪು ಹುಡ್ಕಣ ಅಂತ ಒಬ್ನೇ ಕೂತು ಬಾರ್ಸಿ ನೋಡ್ದೆ. ಹುಡುಕ್ತಾ ಹುಡುಕ್ತಾ ಪೂರ್ತಿ ಕಲ್ತೋದೆ."

"ತಪ್ಪು ಸಿಕ್ತಾ?"

"ಸಿಕ್ತು. ಅದು ಮಾಡ್ದೋನಿಗೇ ಬಾರ್ಸಕ್ಕೆ ಬರಲ್ಲ, ಅದೊಂದೇ ತಪ್ಪು."

ನಾಸಿರ್ ಕೋಲುಗಳನ್ನು ಎತ್ತಿಕೊಂಡು, "ರೈಲ್ ತಾನೇ ಮಂಜಣ್ಣ? ನೀವು ಹತ್ಕೊಳಿ, ನಾನು ಓಡುಸ್ತೀನಿ" ಎಂದ. ಊಟದ ಮನೆಯಲ್ಲಿ, ಕತ್ತರಿಸಿಟ್ಟ ಬಾಳೆಎಲೆಗಳ ಪಕ್ಕ ನಿಂತು, ನಾನು ಬಾಯಲ್ಲಿ ಹೇಳಿದ್ದನ್ನು ಅವನು ಮೇಜಿನ ಮೇಲೆ ಬಾರಿಸಿ ಕಲಿತ. ಚಂದ್ರು ವೇದಿಕೆ ಹತ್ತಿ, "ಇದು ನಮ್ಮೋನು ಮಂಜುನಾಥ ಮಾಡಿರೋದು, ಬಾಣಾವರ ಕ್ರಾಸಿಂಗ್" ಎಂದು ಮೈಕಿನಲ್ಲಿ ಹೇಳಿದ.

ಶುರುವಾಯಿತು. ನನ್ನ ಕೆಲಸ ಕಷ್ಟದ್ದಲ್ಲ. ಒಂದೇ ಧಾಟಿಯನ್ನು ಕೆಳದನಿಯಲ್ಲಿ ಹಿಡಿದುಕೊಂಡು ಹೋಗುವುದು. ಆದರೆ ಚಂದ್ರುವಿನ ಗಿಟಾರಿನಿಂದ ನನ್ನ ರೈಲು ಹೊರಟು ಬಂತು ನೋಡಿ! ನನ್ನ ಬಾಯಲ್ಲಿ ಡುಗ್ಗುಡು ಎಂದು ತೊದಲುತ್ತಿದ್ದದ್ದು ಅವನ ಬೆರಳುಗಳಲ್ಲಿ ಹಳಿ, ಗಾಲಿ, ಬೋಗಿ ಎಲ್ಲವನ್ನೂ ಎಳೆದುಕೊಂಡು ಮಂಟಪದ ನಡುವೆ ಹಾದುಹೋಗುತ್ತಿತ್ತು. ನಾನು ಮಾಡಿದ್ದನ್ನು ನಾನೇ ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಬಾಯಿ ತೆರೆದು ಕೇಳುತ್ತ ನಿಂತುಬಿಟ್ಟೆ. ಎಷ್ಟು ಚೆನ್ನಾಗಿ ಕೇಳಿದೆನೆಂದರೆ ಬಾರಿಸುವುದನ್ನೇ ಮರೆತೆ. ಕೆಳದನಿ ಇದ್ದಕ್ಕಿದ್ದಂತೆ ನಿಂತದ್ದಕ್ಕೆ ಬೆಚ್ಚಿದ ಚಂದ್ರುವೂ ನಿಂತ. ನಾಸಿರನ ಕೋಲುಗಳು ಮೇಲೆತ್ತಿದಲ್ಲೇ ಉಳಿದವು. ಮಂಟಪದಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಮುಂದಿನ ಸಾಲಿನಲ್ಲಿ ಶಾರದಾ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡದ್ದು ಕಾಣಿಸಿತು. ಮುಗಿಯಿತು, ಮಾಳಿಗೆ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ನಾಸಿರ್ ದಢಾರನೆ ಬಾರಿಸಿದ. ಮೂವರೂ ಏನೂ ಆಗದವರಂತೆ ಒಟ್ಟಿಗೆ ನುಗ್ಗಿದೆವು. ರೈಲು ಬೇಲೂರು ದಾಟಿಯೇ ನಿಂತದ್ದು. ಮೊದಲು ಎದ್ದುನಿಂತು ಚಪ್ಪಾಳೆ ಹೊಡೆದವರು ಆ ಮೈಸೂರಿನ ಹುಡುಗರು. ಹಿಂದೆಯೇ ಇಡೀ ಮಂಟಪ. ಅಡುಗೆಯವರೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದರು.

ಮೊದಲ ಬಹುಮಾನ ನಮಗೇ ಬಂತು. ತೀರ್ಪುಗಾರರಾಗಿದ್ದ ಹಿರಿಯ ಸಂಗೀತದ ಮೇಷ್ಟರು ನನ್ನ ಕೈಗೆ ಬಹುಮಾನದ ಕಪ್ಪು ಕೊಡುತ್ತ ಹೇಳಿದರು: "ಕೈಚಳಕ ಇವತ್ತು ಬಹಳ ಕೇಳಿದೆ. ಆದರೆ ನಡುವೆ ಒಂದು ಮೌನ ಇಟ್ಟಿರಲ್ಲ! ಗೂಡ್ಸ್ ಹೋಗಲಿ ಅಂತ ಪ್ಯಾಸೆಂಜರ್ ಸುಮ್ಮನೆ ನಿಂತಿರುತ್ತಲ್ಲ, ಅದೇ ಮೌನ. ಅಂಥದ್ದು ಎಲ್ಲರಿಗೂ ಹೊಳೆಯುವುದಿಲ್ಲ ಸ್ವಾಮಿ." ನಾನು ವಿನಯದಿಂದ ತಲೆ ತಗ್ಗಿಸಿದೆ. ಚಂದ್ರು ನಗು ತಡೆಯಲಾರದೆ ಪರದೆಯ ಹಿಂದಕ್ಕೆ ಹೋದ.

ಅವನ ತಂದೆಯವರು ಕಪ್ಪನ್ನು ಮಂಡಿಯ ಗಲ್ಲಾಪೆಟ್ಟಿಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು; ಕೊಬ್ಬರಿ ಮೂಟೆಗಳೇ ಬೇರೆ ಕಡೆ ಜಾಗ ಹುಡುಕಿಕೊಂಡವು. ಹಾಸನದಿಂದ, ಚಿಕ್ಕಮಗಳೂರಿನಿಂದ ಕರೆ ಬಂತು. ಕರೆದವರೆಲ್ಲರೂ ಆ ಮೌನ ಮಾತ್ರ ಇರಲೇಬೇಕು ಎಂದರು. ಅಲ್ಲಿಂದ ಶುರುವಾಯಿತು ನನ್ನ ಗೋಳು. ಚಂದ್ರು ಆ ಮೌನವನ್ನು ಒಂದೇ ವಾರದಲ್ಲಿ ಕಲಿತ. ನಾಸಿರ್ ಕಣ್ಣು ಮುಚ್ಚಿಕೊಂಡು ನಿಲ್ಲಿಸಬಲ್ಲ, ಎಬ್ಬಿಸಬಲ್ಲ. ನಾನೊಬ್ಬನೇ ಒಮ್ಮೆ ಬೇಗ ನಿಲ್ಲುತ್ತೇನೆ, ಒಮ್ಮೆ ತಡವಾಗಿ ಏಳುತ್ತೇನೆ, ಮತ್ತೊಮ್ಮೆ ನಿಲ್ಲುವುದನ್ನೇ ಮರೆತು ಒಬ್ಬನೇ ಮುಂದಕ್ಕೆ ಹೋಗುತ್ತೇನೆ. "ಪ್ರಾಕ್ಟೀಸ್ ಮಾಡೋ ಮಂಜ, ಕೈ ಪಳಗ್ಬೇಕು" ಎನ್ನುತ್ತಾನೆ ಚಂದ್ರು. ನನ್ನ ಇಡೀ ರಚನೆಯಲ್ಲಿ ಎಲ್ಲರೂ ಸ್ವಂತಿಕೆಯೆಂದು ಮೆಚ್ಚಿಕೊಂಡ ಜಾಗ ಅದೊಂದೇ. ಏನನ್ನೂ ಬಾರಿಸಬೇಕಾಗಿಲ್ಲದ ಆ ಜಾಗವನ್ನು ಸರಿಯಾಗಿ ಬಾರಿಸುವುದು ನನಗೆ ಇವತ್ತಿಗೂ ಬಂದಿಲ್ಲ.