ಲಕ್ಷ್ಮಿಗೊಂದು ತುರ್ತು ಬಾಗಿಲು

ನನಗೂ ಬಾಗಿಲುಗಳಿಗೂ ಮೊದಲಿನಿಂದಲೂ ಆಗಿಬಂದಿಲ್ಲ. ತಳ್ಳಿ ಎಂದು ಬರೆದದ್ದನ್ನು ಎಳೆಯುತ್ತೇನೆ, ಎಳೆಯಿರಿ ಎಂದದ್ದನ್ನು ತಳ್ಳುತ್ತೇನೆ, ಬ್ಯಾಂಕಿನ ಗಾಜಿನ ಬಾಗಿಲಿಗಂತೂ ಹಣೆ ಕೊಟ್ಟೇ ಒಳಗೆ ಹೋಗುವುದು. ಇಂಥವನ ತಲೆಗೇ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿಗೆ ತುರ್ತು ಬಾಗಿಲು ಕೂಡಿಸುವ ಹೊಣೆ ಬಿತ್ತು. ನಾನು ಅಲ್ಲಿ ಮ್ಯಾನೇಜರ್. ಹಾವೇರಿಯಿಂದ ದಿನಾ ಬಸ್ಸಿನಲ್ಲಿ ನಿಂತೇ ಹೋಗುವ ನನಗೆ ಕುರ್ಚಿ ಸಿಗುವ ಒಂದೇ ಜಾಗ ಅದು.

ಬೆಂಕಿ ತಪಾಸಣೆಗೆ ಬಂದವರು ಹಿಂದಿನ ಗೋಡೆಗೊಂದು ಬಾಗಿಲು ಬೇಕೇ ಬೇಕು ಎಂದು ಹೇಳಿ ಹೋಗಿದ್ದರು. ರಾಣೇಬೆನ್ನೂರಿನಿಂದ ಬಾಗಿಲೂ ಬಂತು, ಮಿಸ್ತ್ರಿಯೂ ಬಂದ. ಬಾಗಿಲಿಗೆ ಅಡ್ಡಲಾಗಿ, ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಪಟ್ಟಿ. ಗಾಬರಿಯಾದವನು ಚಿಲಕ ಹುಡುಕಬೇಕಿಲ್ಲ, ಓಡಿಬಂದು ಮೈ ಒರಗಿಸಿದರೆ ಸಾಕು, ಬಾಗಿಲು ಹೊರಕ್ಕೆ ತೆರೆಯುತ್ತದೆ. ಹೊರಗಡೆ ಮಾತ್ರ ಹಿಡಿಕೆಯಿಲ್ಲ, ಬರೀ ತಗಡು. ಕಳ್ಳರ ಕಾಟವೂ ಇಲ್ಲ ಎಂದು ಸಾಹುಕಾರ ವೀರಭದ್ರಪ್ಪನವರಿಗೆ ಹೆಮ್ಮೆಯಿಂದ ವಿವರಿಸಿದೆ.

ಅವರ ಮುಖ ಬಾಡಿತು. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದು ಹಿಂಬಾಗಿಲು ಹಾಕುವ ಮನೆತನ ಅವರದು. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೋಗಬಾರದಲ್ಲ.

"ಅಲ್ಲೋ ಮ್ಯಾನೇಜರ, ಲಕ್ಷ್ಮಿ ಹೊರಗ ಹೋಗಬೇಕಂದ್ರ ಸುಮ್ನ ಒರಗಿದ್ರ ಸಾಕು. ತಿರುಗಿ ಬರತೇನಂದ್ರ ಹಿಡಿಕೀನ ಇಲ್ಲ! ಇದೆಂಥಾ ಬಾಗಲಾನೋ?"

ಸಂಬಳ ಕೊಡುವವರು ಹೇಳಿದ್ದು ನನಗೆ ಬಹುಬೇಗ ಹೌದೆನ್ನಿಸುತ್ತದೆ. "ಚೌಕಟ್ಟ ತಿರುಗಿಸಿ ಕೂಡಿಸಿದ್ರ ಆತಲ್ರಿ. ಪಟ್ಟಿ ಹೊರಗ, ತಗಡ ಒಳಗ. ಆಕಿ ಬರೂದು ಸಲೀಸ, ಹೋಗೂದು ಆಗೂದಿಲ್ಲ" ಎಂದೆ. ಸಾಹುಕಾರರು ಬೆನ್ನು ಚಪ್ಪರಿಸಿದರು. "ಮತ್ತ ಮಂದಿ ಹೆಂಗ ಹೊರಗ ಬರ್ತಾರ್ರಿ?" ಎಂದ ಮಿಸ್ತ್ರಿಯ ಬಾಯಿಯನ್ನು ನಾನೇ ಮುಚ್ಚಿಸಿದೆ.

ಮುಂದಿನ ವಾರ ಖಾರ ಕುಟ್ಟುವ ಯಂತ್ರದ ಬೆಲ್ಟು ಸುಟ್ಟು, ಪಕ್ಕದ ಚೀಲಗಳು ಹೊಗೆಯಾಡತೊಡಗಿದವು. ಒಗ್ಗರಣೆಯಲ್ಲಿ ಒಂದು ಮೆಣಸಿನಕಾಯಿ ಸೀದರೆ ಇಡೀ ಓಣಿ ಕೆಮ್ಮುತ್ತದೆ, ಇಲ್ಲಿ ಸೀಯುತ್ತಿದ್ದುದು ಚೀಲಗಟ್ಟಲೆ. ತೊಟ್ಟು ಬಿಡಿಸುವ ಹೆಂಗಸರು ಮುಂಬಾಗಿಲ ಬಳಿಯೇ ಕೂತಿದ್ದರಿಂದ ಹೊರಗೆ ಓಡಿದರು. ಹಿಂದಿನ ಮೂಲೆಯ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದ ನಾನೂ ಸಾಹುಕಾರರೂ ಉಳಿದೆವು. ಮುಂದೆ ಹೊಗೆ, ಹಿಂದೆ ತಗಡು. ನಾನು ಸೊಂಟ ಒರಗಿಸಿದೆ, ಬೆನ್ನು ಒರಗಿಸಿದೆ, ಕೊನೆಗೆ ಸಾಹುಕಾರರನ್ನೇ ಒರಗಿಸಿದೆ. ಬಾಗಿಲು ಅಲುಗಲಿಲ್ಲ. ಕಣ್ಣು ಉರಿ, ಉಸಿರು ಬಂದ್. ನಗಬೇಡಿ, ಸತ್ತೇ ಹೋಗುತ್ತೇನೆಂದು ಹೆದರಿದ್ದೆ.

"ಲಕ್ಷ್ಮಿ ಹೋದ್ರ ಹೋಗ್ಲೋ, ಬಾಗಲಾ ತಗಿ!" ಎಂದು ಸಾಹುಕಾರರು ಕೆಮ್ಮುತ್ತ ಚೀರಿದರು.

ಹೊರಗಿನಿಂದ ಸುತ್ತುಹಾಕಿ ಬಂದ ಕೂಲಿಯ ಫಕ್ಕೀರವ್ವ ಪಟ್ಟಿಗೆ ಸೊಂಟ ಕೊಟ್ಟಳು. ಬಾಗಿಲು ಧಡಾರನೆ ಒಳಕ್ಕೆ ತೆರೆದು ನನ್ನ ಹಣೆಗೇ ಬಡಿಯಿತು. "ಒಳಗ ಏನ್ ಮಾಡಾಕತ್ತೀರ್ರಿ? ಲಗೂ ಹೊರಗ ಬರ್ರಿ!" ಎಂದಳು. ಸಾಹುಕಾರರು ಹೊರಗೆ ಬಿದ್ದವರೇ ಅವಳಿಗೆ ಕೈಮುಗಿದರು.

ಮರುದಿನವೇ ಬಾಗಿಲು ಸರಿಯಾದ ದಿಕ್ಕಿಗೆ ತಿರುಗಿತು. ಸಾಹುಕಾರರ ಭಯ ಮಾತ್ರ ತಿರುಗಲಿಲ್ಲ. ತುರ್ತು ಬಾಗಿಲಿಗೆ ಬೀಗ ಹಾಕುವಂತಿಲ್ಲ. ಹೀಗಾಗಿ ದಿನಾ ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಹೊರಹೋಗದಂತೆ ಬಾಗಿಲಿಗೆ ಅಡ್ಡ ನಿಲ್ಲುವ ಕೆಲಸ ಈಗ ನನ್ನದು. ಬಸ್ಸಿನಲ್ಲೂ ನಿಲ್ಲು, ಇಲ್ಲೂ ನಿಲ್ಲು. ಈ ತನಕ ಆಕೆ ಇತ್ತ ಸುಳಿದಿಲ್ಲ. ಸುಳಿದರೆ ತಡೆಯುವಷ್ಟು ದಡ್ಡನೇನಲ್ಲ ನಾನು. ನಾನೇ ಪಟ್ಟಿ ಒತ್ತಿ, ಹಾವೇರಿಯಲ್ಲಿ ನಮ್ಮ ಮನೆ ಎಲ್ಲಿದೆಯೆಂದು ಮೆಲ್ಲಗೆ ಹೇಳಿ ಕಳಿಸುತ್ತೇನೆ.