ಶಸ್ತ್ರ ತಗೊಳ್ಳಲು ಹೋದದ್ದು

ಕೊಟ್ಟೂರಿನಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿ. ಆದರೆ ನಾನಿರುವುದು ಬೇರೆ ಕಾಲದಲ್ಲಿ. ಗಲ್ಲಾದ ಹಿಂದಿನ ಗಾಜಿನ ಕಪಾಟಿನಲ್ಲಿ ತುಕ್ಕು ಹಿಡಿದ ಭರ್ಜಿಯ ಮೊನೆ, ಸಿಂಹದ ಮುಖವಿರುವ ಬಿಲ್ಲೆ, ಯಾವನೋ ಸಿಪಾಯಿಯ ಅಂಗಿಯ ಹಿತ್ತಾಳೆ ಗುಂಡಿಗಳು. ಗಿರಾಕಿ ಇಲ್ಲದ ಮಧ್ಯಾಹ್ನ ಒಂದು ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಸಾಕು, ಹರಪನಹಳ್ಳಿ ಪಾಳೆಯಗಾರರ ಕುದುರೆಗಳು ಜೋಳದ ಹೊಲದ ಅಂಚಿನಲ್ಲಿ ನಿಧಾನವಾಗಿ ಸಾಗುತ್ತವೆ. ಧೂಳು ಕೂಡ ಮೆತ್ತಗೆ ಏಳುತ್ತದೆ. ಮುಂದಿನ ಕುದುರೆಯ ಮೇಲೆ ಯಾರು? ನಾನೇ!

"ಕುಕ್ಕರ್ ಕೇಳಾಕ ಬಂದೋರು ನಿಂತು ನಿಂತು ಹೋದ್ರು. ನೀವು ಯಾ ಊರಾಗ ಇದ್ರಿ?" ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜಾ.

ಇಷ್ಟಿದ್ದರೂ ನನ್ನ ಬಳಿ ಒಂದು ಕತ್ತಿ ಇರಲಿಲ್ಲ. ಕತ್ತಿಯಿಲ್ಲದ ಶಸ್ತ್ರಸಂಗ್ರಹವನ್ನು ಜನ ಗುಜರಿ ಎನ್ನುತ್ತಾರೆ. ಎಂದಿದ್ದಾರೆ ಕೂಡ. ಆಗ ಹೊಳಲಿನ ವೀರಪ್ಪಜ್ಜನ ಮನೆಯಲ್ಲಿ ಪಾಳೆಯಗಾರರ ಕಾಲದ ಕತ್ತಿಯೊಂದಿದೆ ಎಂಬ ಸುದ್ದಿ ಬಂತು. ಅಜ್ಜ ಪುರವಂತರು, ಗುಗ್ಗಳದ ಮೆರವಣಿಗೆಯಲ್ಲಿ ವೀರಭದ್ರನ ಒಡಪು ಹೇಳಿ ಕುಣಿಯುವ ಮನೆತನ. ನಾನು ಬಸ್ಸಿನಲ್ಲಿ ಮೈಮರೆತು ಮುಂದಿನ ಊರಿಗೆ ಹೋಗಿಬಿಡುತ್ತೇನೆಂದು ಗಿರಿಜಾಳೂ ಜೊತೆಗೆ ಬಂದಳು.

ಸಂಶೋಧಕನಾದವನು ಸಭ್ಯ ಭಾಷೆಯನ್ನೇ ಬಳಸತಕ್ಕದ್ದು ಎಂಬುದು ನಾನೇ ಮಾಡಿಕೊಂಡ ನಿಯಮ. ಹೀಗಾಗಿ 'ಕತ್ತಿ' ಎಂಬ ಒರಟು ಮಾತು ಬಾಯಿಗೆ ಬರಲಿಲ್ಲ.

"ಅಜ್ಜಾರ, ನಿಮ್ಮನ್ಯಾಗ ಶಸ್ತ್ರ ತಗೊಳ್ಳಾಕ ಬಂದೀನ್ರಿ," ಎಂದೆ.

ಅಜ್ಜನ ಮುಖ ಅರಳಿತು. "ಭಾಳ ಚಲೋ ಆತು ಸಾವ್ಕಾರ್ರ. ಈಗಿನೋರು ಹೆದರ್ತಾರ. ಇವತ್ತ ತಗೊಳ್ತೀರೇನು?"

"ಇವತ್ತ. ಭಾಳ ದಿನದ ಆಸೆ ಐತ್ರಿ."

"ಎಡಕ್ಕೋ, ಬಲಕ್ಕೋ?"

ಕತ್ತಿ ತೂಗುವುದು ಸೊಂಟದ ಎಡಕ್ಕೆ. ಅಜ್ಜ ಕಟ್ಟಿ ತೋರಿಸುತ್ತಾರೆಂದು ಪುಳಕಿತನಾಗಿ, "ಎಡಕ್ಕ," ಎಂದು ಎದ್ದು ನಿಂತೆ.

ಅಜ್ಜ ಜಳಕ ಮಾಡಿ ಮಡಿಯುಟ್ಟು ಬಂದರು. ಮನೆಮಂದಿಯೆಲ್ಲ ಸೇರಿದರು, ಯಾರೋ ಸಮಾಳ ಬಾರಿಸತೊಡಗಿದರು. ಒಂದು ಕತ್ತಿ ಕೊಡಲು ಇಷ್ಟು ಮರ್ಯಾದೆ! ನಾನು ಕಣ್ಣು ಮುಚ್ಚಿದೆ. ಹೊಲದ ಅಂಚಿನಲ್ಲಿ ಕುದುರೆ ಕಂಡಿತು. ಅಷ್ಟರಲ್ಲಿ ಎಡಗೆನ್ನೆಗೆ ಏನೋ ತಣ್ಣಗೆ ಹತ್ತಿತು. ವಿಭೂತಿ.

"ಬಾಯಿ ತೆರೀರಿ," ಎಂದರು ಅಜ್ಜ. ಅವರ ಕೈಯಲ್ಲಿ ಗೇಣುದ್ದದ ಸೂಜಿ ಹೊಳೆಯುತ್ತಿತ್ತು.

ಪುರವಂತರ ಮನೆಯಲ್ಲಿ 'ಶಸ್ತ್ರ' ಎಂದರೆ ಹರಕೆ ಹೊತ್ತವರ ಕೆನ್ನೆಗೆ ಚುಚ್ಚುವ ಸೂಜಿ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಕುದುರೆಯ ಮೇಲಿದ್ದವನಿಗೆ ನೆನಪಾಗಲಿಲ್ಲ, ಅಷ್ಟೇ. ಓಡೋಣವೆಂದರೆ ಎದುರಿಗೆ ಗಿರಿಜಾ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದಳು.

"ಹರಕಿ ಹೊತ್ತೀರಂತ ನನಗ ಒಂದು ಮಾತು ಹೇಳಬಾರದಿತ್ತೇನ್ರಿ? ನಾ ನಿಮ್ಮನ್ನ ಏನೋ ಅಂದ್ಕೊಂಡಿದ್ದೆ."

ಮದುವೆಯಾದಾಗಿನಿಂದ ಅವಳು ನನ್ನನ್ನು ಹೀಗೆ ನೋಡಿರಲಿಲ್ಲ. ಆದರೂ ಕೆನ್ನೆ ನನ್ನದು. "ಇಲ್ಲ" ಎನ್ನಲು ಬಾಯಿ ತೆರೆದೆ. ತೆರೆದದ್ದನ್ನು ಎಲ್ಲರೂ ಒಪ್ಪಿಗೆ ಎಂದು ತಿಳಿದರು! ಸಮಾಳ ಜೋರಾಯಿತು. ಸೂಜಿ ಹತ್ತಿರ ಬಂತು. ನೆಲವೂ ಹತ್ತಿರ ಬಂತು.

ಎಚ್ಚರವಾದಾಗ ಕೆನ್ನೆ ನೆಟ್ಟಗಿತ್ತು. ನಿಜ ಸಂಗತಿ ಹೇಳಿದೆ.

"ಕತ್ತಿ ಬೇಕಿದ್ರ ಕತ್ತಿ ಅನಬೇಕಪ್ಪ," ಎಂದರು ಅಜ್ಜ.

"ಕೊಡ್ತೀರೇನ್ರಿ ಹಂಗಾರ?"

ಅಜ್ಜ ನನ್ನ ಬೆವರು ನೋಡಿದರು. "ಸೂಜಿ ಕಂಡು ಬಿದ್ದೋರ ಕೈಯಾಗ ಕತ್ತಿ ಕೊಟ್ಟು ನಾ ಎಲ್ಲಿಗೆ ಹೋಗ್ಲಿ? ನೋಡ್ಕೊಂಡು ಹೋಗ್ರಿ."

ನೋಡಿದೆ. ದೂರದಿಂದ. ಕೂತುಕೊಂಡೇ. ಮತ್ತೆ ಬೀಳದಿರಲೆಂದು ಗಿರಿಜಾ ಕೈ ಹಿಡಿದುಕೊಂಡಿದ್ದಳು.