ಎದುರು ಮನಿ ಸೊಸಿಯ ಪೈಪ್‌ಲೈನು

ಸನೇಕ ಬರ್ರಿ, ಜೋರಾಗಿ ಹೇಳೂ ಮಾತಲ್ಲ ಇದು. ಯಾರ ಮುಂದನೂ ಬಾಯಿ ಬಿಡಂಗಿಲ್ಲ ಅಂತ ಆಣಿ ಮಾಡ್ರಿ, ಅಂದ್ರ ಹೇಳ್ತೇನಿ. ಎದುರು ಮನಿ ಸೊಸಿ ಕಿಡಕಿ ಬಾಜೂಕ ಕುಂತು ಕಂಪ್ಯೂಟರ್ ಕೆಲಸ ಶುರು ಮಾಡಿದಾಗಿನಿಂದ ಆಳಂದದ ನಮ್ಮ ಓಣ್ಯಾಗ ಇಂಥಾವು ಒಂದಿಲ್ಲೊಂದು ಆಗಾಕತ್ತಾವ. ಆ ಕೆಲಸ ಅಕಿ ಅತ್ತಿ ಮನಸ್ಸಿಗೆ ಬಂದಿಲ್ಲ. ಮಂದಿ ಬಾಯಿಗೆ ಬಿದ್ರ ಬಿಡಸ್ತೇನಿ ಅಂತ ಮೊದಲೇ ಹೇಳಿದ್ದಳು. ಅಂಥಾದ್ರಾಗ ಕಿಡಕಿ ತೆರದಿಟ್ಟು ಮಾತಾಡಿದ್ರ, ನಾ ಏನು ಕಿವಿಗೆ ಬಾಗಲಾ ಹಚ್ಚಲಿ?

೧. ನೀರು

ಒಂದು ಮುಂಜಾನೆ ಸೊಸಿ ಫೋನಿನಾಗ ಅಂದಳು: "ಪೈಪ್‌ಲೈನ್ ನಿಂತದ ಸರ್. ಕ್ಲೌಡ್‌ನಿಂದ ಏನೂ ಬರವಲ್ದು."

ಕ್ಲೌಡ್ ಅಂದ್ರ ಮೋಡ, ಅಷ್ಟು ಇಂಗ್ಲಿಷ್ ನನಗೂ ಬರ್ತದ. ಇವತ್ತ ನೀರು ಬಂದ್ ಅಂತ ಓಣಿಗೆಲ್ಲ ಹೇಳಿದೆ. ಹೆಣ್ಮಕ್ಕಳು ಇದ್ದಬದ್ದ ಕೊಡ ಎಲ್ಲಾ ತುಂಬಿಟ್ಟರು. ನಳ ನಿಲ್ಲಲೇ ಇಲ್ಲ. ಎಲ್ಲಾರೂ ನನ್ನ ಮ್ಯಾಲ ಬಿದ್ದರು. ಹೋಗಿ ಸೊಸಿನ್ನ ಕೇಳಿದೆ.

"ಆಯಿ, ಇದರಾಗ ನೀರು ಹರಿಯೂದಿಲ್ಲ. ನಾವು ಬರದ ಸಾಫ್ಟ್‌ವೇರ್ ಒಂದೊಂದೇ ಹಂತ ದಾಟಿ ಮಂದಿಗೆ ಮುಟ್ಟೂ ಹಾದಿ ಇದು. ಪ್ರತಿ ಪೈಪ್‌ಲೈನಿಗೂ ಒಂದು ಪಟ್ಟಿ ಇರ್ತದ. ಹೆಸರೇನು, ಓನರ್ ಯಾರು, ಎಲ್ಲಿತನಕ ಬಂತು, ಪಾಸೋ ಫೇಲೋ. ಆ ಖಾನೆ ತುಂಬೂದು ನನ್ನ ಕೆಲಸ."

"ಅದೆಲ್ಲ ಖರೇ. ವಾಲ್ ತಿರವಾವ ಯಾರು?" ಅಂದೆ.

ನಕ್ಕಳು. ಹೆಸರು ಮಾತ್ರ ಹೇಳಲಿಲ್ಲ.

೨. ಓನರ್

ಅಕಿ ಗಂಡ ಲಾರಿ ಓಡಸ್ತಾನ. ಅಂವ ತೊಗರಿ ಹೇರಾಕ ಅಫಜಲಪುರಕ್ಕ ಹೋದ ದಿನ ಇಕಿ ಫೋನಿನಾಗ ಅಂದಳು: "ಹಳೇ ಓನರ್ ಬಿಟ್ಟು ಹೋದರಲ್ಲ ಸರ್, ಖಾನೆ ಖಾಲಿ ಅದ. ಹೊಸಬರನ್ನ ಹಾಕ್ಕೋತೇನಿ."

ಓನರ್ ಅಂದ್ರ ಯಜಮಾನ, ಗಂಡನೇ ಅಲ್ಲೇನು? ಕಿರಾಣಿ ಅಂಗಡ್ಯಾಕಿಗೆ, ಒಬ್ಬಾಕಿಗೇ, ಹೇಳಿದೆ. ಗಂಡ ಅರ್ಧಾ ಲೋಡಿನಾಗೇ ತಿರುಗಿ ಬಂದ.

"ನಾ ಎಲ್ಲಿ ಬಿಟ್ಟು ಹೋಗೇನಿ? ತೊಗರಿ ತರಾಕ ಹೋಗಿದ್ನಿ" ಅಂತ ಬಾಗಲದಾಗ ನಿಂತು ಕೇಳಾಕತ್ತ.

ಸೊಸಿ ಕಂಪ್ಯೂಟರಿನಿಂದ ತಲಿ ಎತ್ತಲಿಲ್ಲ. "ನಿಮ್ಮ ಖಾನೆ ತುಂಬೇ ಅದ. ಹೋಗಿ ತೊಗರಿ ತರ್ರಿ."

೩. ಡೆಲಿವರಿ

ಹೋದ ವಾರ ಕೇಳಿಸ್ತು: "ಡೆಲಿವರಿ ಎರಡು ಸಲ ಫೇಲಾತು ಸರ್. ಇವತ್ತ ಮಾಡೇ ಬಿಡ್ತೀವಿ."

ಹೊಟ್ಟಿ ಕಾಣದಂಗ ಹೆಂಗ ಇಟ್ಟಾಳ ಅಂತ ಬೆರಗಾದೆ. ಜೇವರ್ಗಿಯಾಗಿರೂ ಅಕಿ ತಾಯಿಗೆ ಫೋನ್ ಹಚ್ಚಿ ತಿಳಿಸಿದೆ. ಆ ಪುಣ್ಯಾತಗಿತ್ತಿ ಮಧ್ಯಾಹ್ನದ ಬಸ್ಸಿಗೆ ಬಾಣಂತಿಗೆ ಒಂದು ಡಬ್ಬಿ ಅಂಟಿನುಂಡಿ, ಕೂಸಿಗೆ ಎರಡು ಕುಲಾವಿ ಹಿಡಕೊಂಡು ಇಳಿದಳು.

"ಕೂಸು ಎಲ್ಲಿ?"

ಸೊಸಿ ಕಂಪ್ಯೂಟರ್ ತೋರಿಸಿದಳು. "ಈಗ ಹೋಗಿ ಮುಟ್ಟಿತು."

ಅತ್ತಿ ಕೆಂಡ ಆದಳು. "ನಾಳಿಂದ ಈ ಕೆಲಸ ಬಂದ್." ಸೊಸಿ ವಾದಾ ಮಾಡಲಿಲ್ಲ. ಅತ್ತಿನ್ನ ಬಾಜೂಕ ಕುಂದರಿಸಿಕೊಂಡು ಒಂದೊಂದೇ ಖಾನೆ ಓದಿ ಹೇಳಿದಳು. ಫ್ಯಾನ್ ಹಚ್ಚಿದ್ದರು, ನನಗ ಅರ್ಧಾ ಕೇಳಿಸಲಿಲ್ಲ.

ಸಂಜಿಗೆ ಅತ್ತಿ ತಾಟಿನಾಗ ಅಂಟಿನುಂಡಿ ಹಿಡಕೊಂಡು ನಮ್ಮ ಕಟ್ಟಿಗೆ ಬಂದಳು. ಕೆಲಸ ಬಿಡಿಸಿದ ಸುದ್ದಿ ತಂದಾಳ ಅಂತ ಸರದು ಜಾಗಾ ಕೊಟ್ಟೆ. ಅಕಿ ಕೂಡಲಿಲ್ಲ, ನಿಂತೇ ಅಂದಳು:

"ಯಕ್ಕಾ, ಸೊಸಿ ಕೆಲಸ ಬಿಡಂಗಿಲ್ಲ. ಅಕಿ ಪೈಪ್‌ಲೈನಿನಾಗ ತಪಾಸ ಆಗಲಾರದ ಏನೂ ಮುಂದ ಹೋಗೂದಿಲ್ಲಂತ. ನಿಂದು ತಪಾಸ ಇಲ್ಲದ ಜೇವರ್ಗಿತನಕ ಹೋಗ್ತದ, ಒಮ್ಮಿನೂ ಫೇಲಾಗಿಲ್ಲ. ತಗೋ, ಉಂಡಿ ತಿನ್ನು. ಹಡದಾಕಿ ನೀನೇ."